ಚಾವಣಿಯ ಭಾರ ಮತ್ತು ಅದರ ಹಂಚಿಕೆ: ಒಂದು ಚಾರಿತ್ರಿಕ ಅವಲೋಕನ



ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಧರ್ಮಕೇಂದ್ರದ ಗುರುಗಳಿಂದ ಓದುಗರು ಸಾಮಾನ್ಯವಾಗಿ ನಿರೀಕ್ಷಿಸುವುದು ದೇವಾಲಯದ ಸ್ಥಾಪನೆಯ ಕಥೆಯನ್ನು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಸ್ಮರಣೆಯನ್ನು, ದಾನಿಗಳಿಗೆ ಸಲ್ಲಬೇಕಾದ ಕೃತಜ್ಞತೆಯನ್ನು. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಯೋಗ್ಯರ ಲೇಖನಿಯಿಂದ ಬಂದಿವೆ. ನಾವು ಆರಿಸಿಕೊಂಡಿರುವ ವಿಷಯ ಬೇರೆ. ಅದು ಪ್ರತಿ ಭಾನುವಾರವೂ ನಮ್ಮೆಲ್ಲರ ತಲೆಯ ಮೇಲಿರುವ, ಆದರೆ ಯಾರೂ ತಲೆಯೆತ್ತಿ ನೋಡದ ಚಾವಣಿ.

ಇದಕ್ಕೆ ಕಾರಣವುಂಟು. ಶತಮಾನೋತ್ಸವದ ಸ್ಮಾರಕವಾಗಿ ಕಟ್ಟಲುದ್ದೇಶಿಸಿರುವ ಸಭಾಭವನದ ನಕ್ಷೆಯನ್ನು ಪಾಲನಾ ಸಮಿತಿಯ ಮುಂದಿಟ್ಟಾಗ ಮೂರು ಪ್ರಶ್ನೆಗಳೆದ್ದವು. ಒಂದು, ಚಾವಣಿಯ ಕೆಳಭಾಗ ನಮ್ಮ ಮನೆಗಳಲ್ಲಿರುವಂತೆ ಸಮತಟ್ಟಾಗಿರದೆ ಚೌಕುಳಿ ಚೌಕುಳಿಯಾಗಿ ಗುಳಿಬಿದ್ದಿರುವುದೇಕೆ? ಎರಡು, ಆ ಗುಳಿಗಳ ಅಚ್ಚಿಗಾಗಿ ಹೆಚ್ಚಿನ ಹಣವನ್ನು ವ್ಯಯಮಾಡುವುದೇಕೆ? ಮೂರು, ಹೊಸದನ್ನು ಕಟ್ಟುವ ಬದಲು ಹಳೆಯ ಸಭಾಭವನದ ಮೇಲೆಯೇ ಇನ್ನೊಂದು ಅಂತಸ್ತನ್ನು ಏರಿಸಬಾರದೇಕೆ? ಮೂರನೆಯ ಪ್ರಶ್ನೆಯನ್ನು ಕೇಳಿದವರು ನಮ್ಮ ಹಿರಿಯರು. ಬಡ ಕುಟುಂಬಗಳ ಮೇಲೆ ಚಂದಾದ ಹೊರೆ ಬೀಳಬಾರದೆಂಬ ಕಳಕಳಿಯಿಂದಲೇ ಅವರು ಕೇಳಿದರು. ಅಂತಹ ಪ್ರಶ್ನೆಗೆ ಒಂದೇ ಮಾತಿನಲ್ಲಿ ಇಲ್ಲವೆಂದು ಹೇಳಿಬಿಡುವುದು ಸರಿಯಲ್ಲ. ಬುಡದಿಂದ ವಿವರಿಸುವುದು ನಮ್ಮ ಕರ್ತವ್ಯ.

ಗೋಪುರವನ್ನು ಕಟ್ಟಲಿಚ್ಛಿಸುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬ ಯೇಸುಸ್ವಾಮಿಯ ದೃಷ್ಟಾಂತವು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಅಲ್ಲಿ ಹೇಳಿರುವುದು ಹಣದ ಲೆಕ್ಕ. ಅದಕ್ಕೂ ಮೊದಲು ಹಾಕಬೇಕಾದ ಲೆಕ್ಕ ಇನ್ನೊಂದಿದೆ. ಅದು ಭಾರದ ಲೆಕ್ಕ. ಆ ಲೆಕ್ಕವನ್ನು ಮನುಷ್ಯನು ಕಲಿತುಕೊಂಡ ಚರಿತ್ರೆಯೇ ಈ ಲೇಖನದ ವಸ್ತು.

ನಮ್ಮ ಪೇಟೆಯ ಹಳೆಯ ಚಾವಣಿಗಳು

ಚಾಮರಾಜಪೇಟೆಯು 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ, ಬೆಂಗಳೂರು ಕೋಟೆಯ ಪಕ್ಕದಲ್ಲಿ ಯೋಜಿತ ಬಡಾವಣೆಯಾಗಿ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಪರಿಣಾಮವಾಗಿ ಬೆಳೆದವು. ನಮ್ಮ ಪೇಟೆ ಅವುಗಳಿಗಿಂತ ಹಿರಿಯದು. ಆ ಕಾಲದ ಮನೆಗಳಲ್ಲಿ ಕೆಲವು ಇಂದಿಗೂ ಅಡ್ಡರಸ್ತೆಗಳಲ್ಲಿ ಉಳಿದುಕೊಂಡಿವೆ. ಅವುಗಳ ಒಳಗೆ ನಿಂತು ಮೇಲೆ ನೋಡಿದರೆ ಎರಡು ಬಗೆಯ ಚಾವಣಿಗಳು ಕಾಣುತ್ತವೆ. ಒಂದು, ಮರದ ಅಟ್ಟಣೆಯ ಮೇಲೆ ಹೊದಿಸಿದ ಮಂಗಳೂರು ಹೆಂಚು. ಇನ್ನೊಂದು, ಮದ್ರಾಸ್ ತಾರಸಿ.

ಮದ್ರಾಸ್ ತಾರಸಿಯ ಕ್ರಮ ಹೀಗೆ. ಗೋಡೆಯಿಂದ ಗೋಡೆಗೆ ಸಾಗುವಾನಿಯ ತೊಲೆಗಳನ್ನು ಸಮ ಅಂತರದಲ್ಲಿ, ಹತ್ತಿರ ಹತ್ತಿರವಾಗಿ ಇಡುತ್ತಿದ್ದರು. ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲುಗಳಲ್ಲಿ ಸುಣ್ಣದ ಗಾರೆಯಿಂದ ಕೂಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಮಿಶ್ರಣವನ್ನು ಹರಡಿ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಗಟ್ಟಿಗೊಳಿಸುತ್ತಿದ್ದರು. ಭಾರವು ಗಾರೆಯಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಇಳಿಯುತ್ತಿತ್ತು. ಸೂಕ್ಷ್ಮವಾಗಿ ನೋಡಿದರೆ, ಇಂದು ರಿಬ್ಡ್ ಸ್ಲ್ಯಾಬು ಎಂದು ಕರೆಯುವ ಏಣಿನ ಚಾವಣಿಯ ತತ್ತ್ವವೇ ಇಲ್ಲಿಯೂ ಇದೆ: ಮೇಲೊಂದು ತೆಳುವಾದ ಹೊದಿಕೆ, ಕೆಳಗೆ ಅದನ್ನು ಹೊರುವ ಸಾಲುಸಾಲು ಏಣುಗಳು.

ಆದರೆ ಆ ತೊಲೆ ಎಷ್ಟು ದಪ್ಪವಿರಬೇಕು, ಎಷ್ಟು ಅಂತರದಲ್ಲಿರಬೇಕು ಎಂಬುದನ್ನು ನಿರ್ಣಯಿಸುತ್ತಿದ್ದುದು ಮೇಸ್ತ್ರಿಯ ಕಣ್ಣು ಮತ್ತು ಅವನ ತಂದೆಯಿಂದ ಬಂದ ಅನುಭವ. ಸಾಗುವಾನಿಯ ಉದ್ದಕ್ಕೆ ಮಿತಿಯಿತ್ತು. ಕಲ್ಲು ಚಪ್ಪಡಿಯ ಚಾವಣಿಗಂತೂ ಇನ್ನೂ ಹೆಚ್ಚಿನ ಮಿತಿ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳೀತು, ಬಾಗಿಸುವ ಎಳೆತವನ್ನು ತಾಳದು. ಆದ್ದರಿಂದಲೇ ನಮ್ಮ ನಾಡಿನ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿವೆ. ನಮ್ಮ ಹಳೆಯ ದೇವಾಲಯಗಳಲ್ಲಿಯೂ ನಡುವಣ ಅಂಕಣವನ್ನು ಪಕ್ಕದ ಅಂಕಣಗಳಿಂದ ಕಂಬಸಾಲುಗಳು ಬೇರ್ಪಡಿಸಿರುವುದನ್ನು ಕಾಣುತ್ತೇವೆ. ಕಂಬದ ಹಿಂದೆ ಕುಳಿತವರಿಗೆ ಬಲಿಪೀಠ ಕಾಣದಿದ್ದರೂ ಚಾವಣಿ ನಿಲ್ಲಬೇಕಾದರೆ ಕಂಬ ಅನಿವಾರ್ಯವಾಗಿತ್ತು.

ಕಟ್ಟಡದಲ್ಲಿ ಮೊದಲು ಸೋಲುವ ಅಂಗ ಚಾವಣಿಯೆಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಜರಿ ದೇವಾಲಯಕ್ಕಿಂತ ಮನಮುಟ್ಟುವ ಸಾಕ್ಷಿ ಬೇಡ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಜನರಿಂದ ತೊರೆಯಲ್ಪಟ್ಟಿತು. ಕಮಾನುಗಳೂ ಗೋಡೆಗಳೂ ದಶಕಗಳ ಕಾಲ ನೀರಿನಲ್ಲಿ ನಿಂತಿದ್ದರೂ ಮೇಲಣ ಚಾವಣಿ ಎಂದೋ ಇಲ್ಲವಾಯಿತು. ಗೋಡೆ ತನ್ನ ಭಾರವನ್ನು ನೇರವಾಗಿ ನೆಲಕ್ಕೆ ಒಪ್ಪಿಸುತ್ತದೆ. ಚಾವಣಿಯೋ ಶೂನ್ಯದ ಮೇಲೆ ನಿಂತು ಭಾರವನ್ನು ಪಕ್ಕಕ್ಕೆ ಸಾಗಿಸಬೇಕು.

ರೋಮಾಪುರಿಯ ಪಾಠ

ಕಂಬಗಳಿಲ್ಲದೆ ವಿಶಾಲವಾದ ಸ್ಥಳವನ್ನು ಮುಚ್ಚಿದ ಅತ್ಯಂತ ಪ್ರಸಿದ್ಧ ಪುರಾತನ ನಿದರ್ಶನವು ನಮ್ಮ ಧರ್ಮಸಭೆಯ ದೇವಾಲಯವೇ ಆಗಿದೆ. ರೋಮಿನ ಪ್ಯಾಂಥಿಯಾನ್ ಕಟ್ಟಡವನ್ನು ಚಕ್ರವರ್ತಿ ಹೇಡ್ರಿಯನನ ಕಾಲದಲ್ಲಿ, ಕ್ರಿಸ್ತಶಕ 2ನೆಯ ಶತಮಾನದ ಮೊದಲರ್ಧದಲ್ಲಿ ಪೂರೈಸಲಾಯಿತು. 609ರಲ್ಲಿ ಜಗದ್ಗುರು ನಾಲ್ಕನೆಯ ಬೋನಿಫಾಸರು ಅದನ್ನು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿ ದೇವಾಲಯವನ್ನಾಗಿಸಿದರು. ಅದರ ಗುಮ್ಮಟದ ವ್ಯಾಸ 43 ಮೀಟರಿಗೂ ಮಿಗಿಲು. ಗುಮ್ಮಟದ ಒಳಮೈಯಲ್ಲಿ ಸಾಲಿಗೆ 28ರಂತೆ 5 ಸಾಲುಗಳಲ್ಲಿ 140 ಚೌಕಗುಳಿಗಳಿವೆ. ನೋಡುವವರಿಗೆ ಅವು ಅಲಂಕಾರ. ಕಟ್ಟಿದವರಿಗೆ ಅವು ಭಾರದ ಉಳಿತಾಯವೂ ಹೌದು: ಎಲ್ಲಿ ಕಾಂಕ್ರೀಟು ಬೇಡವೋ ಅಲ್ಲಿಂದ ತೆಗೆದುಹಾಕಿದರು, ಎಲ್ಲಿ ಬೇಕೋ ಅಲ್ಲಿ ಏಣಾಗಿ ಉಳಿಸಿದರು. ಮೇಲೆ ಹೋದಂತೆ ಹಗುರವಾದ ಜಲ್ಲಿಯನ್ನೂ ಬಳಸಿದರು.

ಆದರೆ ಆ ಕಾಂಕ್ರೀಟಿನಲ್ಲಿ ಉಕ್ಕಿರಲಿಲ್ಲ. ಆದ್ದರಿಂದ ಅದು ಗುಮ್ಮಟವಾಗಿ ಮಾತ್ರ ನಿಲ್ಲಬಲ್ಲದಾಗಿತ್ತು. ಸಮತಟ್ಟಾದ ಚಾವಣಿಯಾಗಿ ಅಲ್ಲ. ಅದಕ್ಕೆ ಜಗತ್ತು ಇನ್ನೂ ಸಾವಿರದ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು.

ಉಕ್ಕು ಮತ್ತು ಕಾಂಕ್ರೀಟು

1867ರಲ್ಲಿ ಫ್ರಾನ್ಸಿನ ಜೋಸೆಫ್ ಮೋನಿಯೇ ಎಂಬ ತೋಟಗಾರನು ಗಿಡ ಬೆಳೆಸುವ ತೊಟ್ಟಿಗಳಿಗಾಗಿ ಕಬ್ಬಿಣದ ಜಾಲವನ್ನು ಹುದುಗಿಸಿದ ಸಿಮೆಂಟಿನ ಹಕ್ಕುಪತ್ರವನ್ನು ಪಡೆದನು. ಅದನ್ನು ತೊಲೆ, ಕಂಬ, ಚಾವಣಿಗಳೆಲ್ಲ ಒಂದಾಗಿ ಬೆಸೆದ ಕಟ್ಟಡ ಕ್ರಮವಾಗಿ ಬೆಳೆಸಿದವರು ಫ್ರಾನ್ಸಾ ಹೆನ್ನೆಬಿಕ್. ಅವರು ತಮ್ಮ ಹಕ್ಕುಪತ್ರವನ್ನು ಪಡೆದದ್ದು 1892ರಲ್ಲಿ, ಅಂದರೆ ನಮ್ಮ ಚಾಮರಾಜಪೇಟೆ ಹುಟ್ಟಿದ ವರ್ಷದಲ್ಲಿಯೇ.

ಹೊಸ ವಸ್ತುವಿನ ಮೇಲೆ ಜನರಿಗೆ ಒಡನೆಯೇ ನಂಬಿಕೆ ಬರಲಿಲ್ಲ. ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದ ಮೇಲಣ ಸಂತ ಯೊವಾನ್ನರ ದೇವಾಲಯವನ್ನು 1894ರಲ್ಲಿ ಬಲವರ್ಧಿತ ಸಿಮೆಂಟಿನಿಂದ ಕಟ್ಟತೊಡಗಿದಾಗ, ಇಷ್ಟು ತೆಳುವಾದ ಅಂಗಗಳು ನಿಲ್ಲಲಾರವೆಂಬ ಶಂಕೆಯಿಂದ ಕೆಲಸ ಕೆಲವು ಕಾಲ ನಿಂತುಹೋಯಿತು. ಕಡೆಗೆ 1904ರಲ್ಲಿ ಅದು ಪೂರ್ಣಗೊಂಡಿತು. 1923ರಲ್ಲಿ ಆಗಸ್ಟ್ ಪೆರೆ ಅವರು ಪ್ಯಾರಿಸಿನ ಸಮೀಪದ ರೆಂಸಿಯಲ್ಲಿ ಮಾತೆ ಮರಿಯಮ್ಮನವರ ದೇವಾಲಯವನ್ನು ಇಡಿಯಾಗಿ ಕಾಂಕ್ರೀಟಿನಲ್ಲಿ ಮುಗಿಸಿದರು. ಹೊಸ ವಿದ್ಯೆಯ ಮೊದಲ ಪರೀಕ್ಷೆಗಳಲ್ಲಿ ಕೆಲವು ದೇವಾಲಯಗಳಲ್ಲಿಯೇ ನಡೆದವೆಂಬುದು ನಮಗೆ ಹೆಮ್ಮೆಯ ಸಂಗತಿ.

ನಮ್ಮ ಸಂಸ್ಥಾನದಲ್ಲಿ ಸುಣ್ಣ ಮತ್ತು ಸುರ್ಕಿಯ ರಾಜ್ಯಭಾರ ಬಹುಕಾಲ ನಡೆಯಿತು. ಕೃಷ್ಣರಾಜಸಾಗರದ ಮಹಾ ಅಣೆಕಟ್ಟನ್ನೂ ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿ, ಮುಂದೆ ಅಲ್ಲಿಯೇ ಉಕ್ಕೂ ಸಿಮೆಂಟೂ ತಯಾರಾಗತೊಡಗಿದ ಮೇಲೆ ಕಂಬಿ ಮತ್ತು ಕಾಂಕ್ರೀಟು ನಮ್ಮ ಮೇಸ್ತ್ರಿಗಳ ಕೈಗೆ ಬಂದವು. ಸ್ವಾತಂತ್ರ್ಯಾನಂತರ, 1953ರಲ್ಲಿ, ಕಾಂಕ್ರೀಟಿನ ಕಟ್ಟಡಗಳಿಗಾಗಿ ಭಾರತೀಯ ಮಾನಕ ಸಂಹಿತೆ 456 ಪ್ರಕಟವಾಯಿತು. ಅದು ಹಲವು ಬಾರಿ ಪರಿಷ್ಕೃತಗೊಂಡು 2000ದಲ್ಲಿ ನಾಲ್ಕನೆಯ ಪರಿಷ್ಕರಣವನ್ನು ಕಂಡಿತು. ಮೇಸ್ತ್ರಿಯ ಕಣ್ಣಿನ ಸ್ಥಾನದಲ್ಲಿ ಲೆಕ್ಕದ ಹಾಳೆ ಬಂದು ಕುಳಿತಿತು.

ಈ ನಡುವೆ ಧರ್ಮಸಭೆಯಲ್ಲಿಯೇ ಒಂದು ಬದಲಾವಣೆಯಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನದಲ್ಲಿ, ದೇವಾಲಯಗಳನ್ನು ಕಟ್ಟುವಾಗ ಭಕ್ತರ ಸಕ್ರಿಯ ಪಾಲುಗೊಳ್ಳುವಿಕೆಗೆ ಅನುಕೂಲವಾಗುವಂತೆ ಕಟ್ಟಬೇಕೆಂದು ವಿಧಿಸಿತು. ಎಲ್ಲರಿಗೂ ಬಲಿಪೀಠ ಕಾಣಬೇಕಾದರೆ ಕಂಬಗಳು ದೂರ ಸರಿಯಬೇಕು. ಕಂಬಗಳು ಸರಿದರೆ ಚಾವಣಿಯ ಮೇಲಣ ಹೊಣೆ ಹೆಚ್ಚುತ್ತದೆ. ಇಟಲಿಯ ಇಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ ಅವರು 1950ರ ದಶಕದ ಆರಂಭದಲ್ಲಿ ರೋಮಿನ ಗಾತ್ತಿ ಉಣ್ಣೆ ಕಾರ್ಖಾನೆಯಲ್ಲಿ, ಚಾವಣಿಯೊಳಗೆ ಭಾರ ಹರಿಯುವ ದಾರಿಗಳನ್ನೇ ಅನುಸರಿಸಿ ಏಣುಗಳನ್ನು ಎರಕಹೊಯ್ದಿದ್ದರು. ಅವರೇ ರೂಪಿಸಿದ ವ್ಯಾಟಿಕನ್ನಿನ ಆರನೆಯ ಪೌಲರ ಸಭಾಂಗಣವು 1971ರಲ್ಲಿ ಉದ್ಘಾಟನೆಗೊಂಡಿತು. ಏಣುಗಳಿಂದ ಕೂಡಿದ ಅದರ ಮಹಾ ಕಮಾನಿನಡಿ ಸಾವಿರಾರು ಭಕ್ತರು, ನಡುವೆ ಒಂದು ಕಂಬವೂ ಅಡ್ಡಬರದಂತೆ, ಜಗದ್ಗುರುಗಳ ದರ್ಶನವನ್ನು ಪಡೆಯುತ್ತಾರೆ.

ಭಾರದ ಎಣಿಕೆ

ಈಗ ಸಮಿತಿಯ ಮೊದಲನೆಯ ಪ್ರಶ್ನೆಗೆ ಬರೋಣ. ಚೌಕುಳಿಗಳುಳ್ಳ ಚಾವಣಿಗೆ ವ್ಯಾಫಲ್ ಸ್ಲ್ಯಾಬು ಎಂದು ಹೆಸರು. ಪಾಶ್ಚಾತ್ಯರು ಕಾದ ಅಚ್ಚಿನಲ್ಲಿ ಸುಡುವ, ಮೈತುಂಬ ಚೌಕಗುಳಿಗಳಿರುವ ಒಂದು ತಿಂಡಿಯಿಂದ ಆ ಹೆಸರು ಬಂದಿದೆ. ಏಣುಗಳು ಒಂದೇ ದಿಕ್ಕಿನಲ್ಲಿದ್ದರೆ ಅದು ರಿಬ್ಡ್ ಸ್ಲ್ಯಾಬು. ಎರಡು ದಿಕ್ಕಿನಲ್ಲಿಯೂ ಹಾಯ್ದು ಒಂದನ್ನೊಂದು ಛೇದಿಸಿದರೆ ವ್ಯಾಫಲ್ ಸ್ಲ್ಯಾಬು.

ಚಾವಣಿ ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಒತ್ತಡವನ್ನು ಕಾಂಕ್ರೀಟು ತಾಳುತ್ತದೆ. ಎಳೆತವನ್ನು ಕಂಬಿ ತಾಳುತ್ತದೆ. ಹಾಗಿರುವಾಗ ಕೆಳಭಾಗದ ಕಾಂಕ್ರೀಟಿನ ಕೆಲಸವೇನು? ಕಂಬಿಯನ್ನು ಹಿಡಿದು ಮುಚ್ಚಿಟ್ಟುಕೊಳ್ಳುವುದು ಮತ್ತು ಅದನ್ನು ಮೇಲ್ಭಾಗದೊಡನೆ ಬೆಸೆಯುವುದು. ಅದಕ್ಕೆ ಏಣುಗಳೇ ಸಾಕು. ಉಳಿದ ಕಾಂಕ್ರೀಟು ಬಹುಮಟ್ಟಿಗೆ ತನ್ನ ಭಾರವನ್ನು ತಾನೇ ಹೊತ್ತುಕೊಂಡಿರುವ ವ್ಯರ್ಥ ಹೊರೆ.

ನಮ್ಮ ಸಭಾಭವನದ ಅಳತೆಯಿಂದಲೇ ಲೆಕ್ಕ ಹಾಕಬಹುದು. ಅದು 12 ಮೀಟರು ಉದ್ದ, 12 ಮೀಟರು ಅಗಲದ ಚೌಕ. ಚಾವಣಿಯ ಒಟ್ಟು ಆಳ 45 ಸೆಂಟಿಮೀಟರು: ಮೇಲಣ ಹೊದಿಕೆ ಏಳೂವರೆ, ಅದರ ಕೆಳಗಿನ ಏಣು ಮೂವತ್ತೇಳೂವರೆ. ಏಣಿನ ಅಗಲ 15 ಸೆಂಟಿಮೀಟರು. ಮೀಟರಿಗೊಂದರಂತೆ ಎರಡು ದಿಕ್ಕಿನಲ್ಲಿಯೂ ಏಣುಗಳು. ಸಂಹಿತೆಯ ಪ್ರಕಾರ ಏಣಿನ ಅಗಲ 65 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ಅಂತರ ಒಂದೂವರೆ ಮೀಟರನ್ನು ಮೀರಬಾರದು, ಹೊದಿಕೆಯನ್ನು ಬಿಟ್ಟು ಏಣಿನ ಆಳ ಅದರ ಅಗಲದ ನಾಲ್ಕು ಪಟ್ಟನ್ನು ಮೀರಬಾರದು. ನಮ್ಮ ನಕ್ಷೆ ಈ ಮೂರಕ್ಕೂ ಒಳಪಟ್ಟಿದೆ.

ಕಂಬಿ ಸೇರಿದ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,500 ಕಿಲೋ ತೂಗುತ್ತದೆ. 45 ಸೆಂಟಿಮೀಟರಿನಷ್ಟೇ ದಪ್ಪದ ಗಟ್ಟಿ ಚಾವಣಿಯಾದರೆ ಚದರ ಮೀಟರಿಗೆ 1,125 ಕಿಲೋ. ಇಡೀ ಸಭಾಭವನಕ್ಕೆ 162 ಟನ್ನು. ಚೌಕುಳಿ ಚಾವಣಿಯಾದರೆ ಚದರ ಮೀಟರಿಗೆ ಸುಮಾರು 450 ಕಿಲೋ. ಒಟ್ಟು ಸುಮಾರು 65 ಟನ್ನು. ಇಳಿದ ಭಾರ ಸುಮಾರು 97 ಟನ್ನು. ಅಷ್ಟು ಭಾರಕ್ಕೆ ಬೇಕಾಗುತ್ತಿದ್ದ ಕಂಬಿ, ಸಿಮೆಂಟು, ಕಂಬದ ದಪ್ಪ, ತಳಪಾಯದ ಅಗಲ, ಎಲ್ಲವೂ ಉಳಿಯುತ್ತವೆ. ಇದು ಎರಡನೆಯ ಪ್ರಶ್ನೆಗೆ ಉತ್ತರ: ಅಚ್ಚಿಗೆ ತೆತ್ತ ಹಣಕ್ಕೆ ಎದುರಾಗಿ ಈ ಉಳಿತಾಯವನ್ನು ಇಟ್ಟು ತೂಗಬೇಕು.

ಇದಕ್ಕೆ ಬಡವರ ಮನೆಗೂ ಒಗ್ಗುವ ಒಂದು ಕಿರಿಯ ಸೋದರನಿದೆ. ಚಾವಣಿಯ ಕೆಳಭಾಗದ ಕಾಂಕ್ರೀಟಿನ ಬದಲು ಮಂಗಳೂರು ಹೆಂಚುಗಳನ್ನು ಹುದುಗಿಸುವ ಫಿಲ್ಲರ್ ಸ್ಲ್ಯಾಬು ಅದು. ಕೇರಳದಲ್ಲಿ ಲಾರಿ ಬೇಕರ್ ಅವರು ಅದನ್ನು ಜನಪ್ರಿಯಗೊಳಿಸಿದರು. ಕಡಿಮೆ ಖರ್ಚಿನ ಕಟ್ಟಡ ವಿಧಾನಗಳ ವಿಷಯದಲ್ಲಿ ನಮ್ಮ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವೂ ಬಹಳವಾಗಿ ಶ್ರಮಿಸಿತು.

ಭಾರದ ಹಂಚಿಕೆ

ಚಾವಣಿಯ ಸ್ವಂತ ಭಾರ 450 ಕಿಲೋ ಆಯಿತು. ನೆಲಗಾರೆ, ಗಿಲಾವುಗಳಿಗೆ 100 ಕಿಲೋ. ಮೇಲೆ ಮುಂದೆ ಧರ್ಮೋಪದೇಶದ ತರಗತಿಗಳೂ ಸಭೆಗಳೂ ನಡೆಯಬಹುದಾದುದರಿಂದ ಜನರ ಭಾರವನ್ನೂ ಸೇರಿಸಬೇಕು. ಸ್ಥಿರ ಆಸನಗಳಿಲ್ಲದ ಸಭಾಸ್ಥಾನಕ್ಕೆ ಮಾನಕ ಸಂಹಿತೆ 875 ವಿಧಿಸುವುದು ಚದರ ಮೀಟರಿಗೆ ಸುಮಾರು 500 ಕಿಲೋ. ಒಟ್ಟು 1,050 ಕಿಲೋ. ಈ ಭಾರವನ್ನು ಯಾವ ದಿಕ್ಕಿನ ಏಣು ಎಷ್ಟು ಹೊರಬೇಕು?

ಇದಕ್ಕೆ 19ನೆಯ ಶತಮಾನದಲ್ಲಿ ಇಬ್ಬರು ವಿದ್ವಾಂಸರ ಹೆಸರಿನಲ್ಲಿ ನೆಲೆಗೊಂಡ ಸೂತ್ರವಿದೆ: ಗ್ಲಾಸ್ಗೋದ ರ‍್ಯಾಂಕಿನ್ ಮತ್ತು ಜರ್ಮನಿಯ ಗ್ರಾಷಾಫ್. ಅವರ ವಿಚಾರ ಸರಳ. ಎರಡು ಏಣುಗಳು ನಡುವೆ ಒಂದನ್ನೊಂದು ಹಾಯುವಲ್ಲಿ ಅವು ಬೆಸೆದುಕೊಂಡಿರುವುದರಿಂದ ಎರಡೂ ಒಂದೇ ಪ್ರಮಾಣದಲ್ಲಿ ಬಾಗಲೇಬೇಕು. ಆದರೆ ಮೀಟರಿಗೆ ಇಷ್ಟೆಂದು ಸಮನಾಗಿ ಹರಡಿದ ಭಾರದಡಿ ಉದ್ದ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಆದ್ದರಿಂದ ಇಬ್ಬರೂ ಸಮನಾಗಿ ಬಾಗಬೇಕಾದರೆ ಗಿಡ್ಡ ಏಣು ಹೆಚ್ಚು ಭಾರವನ್ನೂ ಉದ್ದ ಏಣು ಕಡಿಮೆ ಭಾರವನ್ನೂ ಹೊರಬೇಕು.

ಚೌಕವಾದ ಸಭಾಭವನದಲ್ಲಿ ಹಂಚಿಕೆ ಸರಿಸಮ: ಪ್ರತಿ ದಿಕ್ಕಿಗೆ 525 ಕಿಲೋ. ಮೀಟರಿಗೊಂದು ಏಣಿರುವುದರಿಂದ ನಡುವಣ 12 ಮೀಟರಿನ ಒಂದು ಏಣಿನ ಪಾಲು ಸುಮಾರು 6,300 ಕಿಲೋ; ತುದಿಗೆ ಅರ್ಧದಂತೆ ಅದು ಅಂಚಿನ ತೊಲೆಗಳಿಗೆ, ಅಲ್ಲಿಂದ ಕಂಬಗಳಿಗೆ ಇಳಿಯುತ್ತದೆ. ಅದೇ ಸಭಾಭವನ 12ಕ್ಕೆ 18 ಮೀಟರು ಆಗಿದ್ದರೆ ಗಿಡ್ಡ ಏಣುಗಳ ಪಾಲು ಶೇಕಡ 83ನ್ನು ಮೀರುತ್ತಿತ್ತು. 12ಕ್ಕೆ 24 ಆಗಿದ್ದರೆ 17ರಲ್ಲಿ 16 ಪಾಲು ಗಿಡ್ಡ ಏಣುಗಳಿಗೇ. ಉದ್ದ ಏಣುಗಳು ಬಹುಮಟ್ಟಿಗೆ ನೋಟಕ್ಕೆ ಮಾತ್ರ. ನಮ್ಮ ಇಂಜಿನಿಯರು ಚೌಕವನ್ನೇ ಆರಿಸಿದ್ದಕ್ಕೆ ಇದೇ ಕಾರಣ.

ಈ ಸೂತ್ರ ಸ್ಥೂಲವಾದುದು. ಏಣುಗಳು ತಿರುಚಿಕೊಳ್ಳುವಾಗ ನೀಡುವ ನೆರವನ್ನು ಅದು ಗಣಿಸುವುದಿಲ್ಲ. ಇಂದು ಕಂಪ್ಯೂಟರು ಅದನ್ನೂ ಗಣಿಸುತ್ತದೆ. ಆದರೂ ಕಂಪ್ಯೂಟರಿನ ಉತ್ತರ ಸರಿಯೇ ಎಂದು ಅನುಭವಿಗಳು ಮೊದಲು ತಾಳೆ ನೋಡುವುದು ಇಂತಹ ಕೈಲೆಕ್ಕದಿಂದಲೇ. ಹೀಗೆ ಬಂದ ಭಾರವನ್ನು ಮತ್ತೆ ಒಂದೂವರೆಯಿಂದ ಗುಣಿಸಿ, ಅಷ್ಟನ್ನು ತಾಳುವಂತೆ ಕಂಬಿ ಹಾಕುವುದು ವಿಧಿ. ಮನುಷ್ಯನ ಲೆಕ್ಕವೂ ಕೈಗೆಲಸವೂ ತಪ್ಪಬಹುದೆಂಬ ವಿನಯವೇ ಆ ಒಂದೂವರೆ.

ಒಂದು ನೆನಪು, ಒಂದು ನಿರ್ಧಾರ

1983ರಲ್ಲಿ ನಮ್ಮ ನಗರದ ಹೃದಯಭಾಗದಲ್ಲಿ ಕಟ್ಟಲಾಗುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ನೂರಕ್ಕೂ ಹೆಚ್ಚು ಮಂದಿ ಮಡಿದುದನ್ನು ಹಿರಿಯರು ಮರೆತಿಲ್ಲ. ನಮಗೂ ಒಂದು ಸ್ವಂತ ಪಾಠವಾಗಿದೆ. ಎಷ್ಟೋ ವರ್ಷಗಳ ಹಿಂದೆ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದಾಗ, ಶಾಲಾ ಕೊಠಡಿಯ ಚಾವಣಿಗೆ ಕೈಪಿಡಿ ಗೋಡೆ ಕಟ್ಟಲೆಂದು ಮರಳನ್ನೂ ಸಿಮೆಂಟು ಮೂಟೆಗಳನ್ನೂ ಮೇಲೆ ಸಾಗಿಸಲು ನಾವೇ ಅಪ್ಪಣೆ ಕೊಟ್ಟೆವು. ಎಲ್ಲವನ್ನೂ ನಡುವೆ ಒಂದೇ ಕಡೆ ರಾಶಿ ಹಾಕಲಾಯಿತು. ಕೆಳಗೆ ಮಕ್ಕಳು ಪಾಠ ಓದುತ್ತಿದ್ದರು. ಮುದುಕ ಮೇಸ್ತ್ರಿಯೊಬ್ಬರು ಒಳಗೆ ಬಂದು ಮೇಲೆ ನೋಡಿ, “ಸ್ವಾಮೀ, ಮೊದಲು ಮಕ್ಕಳನ್ನ ಆಚೆ ಕಳಿಸಿ” ಎಂದರು. ಚಾವಣಿಯ ಕೆಳಗೆ ಕೂದಲೆಳೆಯಂಥ ಬಿರುಕು ಗೋಡೆಯತ್ತ ಓಡಿತ್ತು. ರಾಶಿಯನ್ನು ಇಳಿಸಿದೆವು, ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಹರಡಿದ್ದರೆ ಚಾವಣಿ ಹೊರಬಹುದಾಗಿದ್ದ ಭಾರವನ್ನು ಒಂದೆಡೆ ಗುಡ್ಡೆಹಾಕಿದ ತಪ್ಪು ನಮ್ಮದೇ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮೂರನೆಯ ಪ್ರಶ್ನೆಗೆ ನಮ್ಮ ಉತ್ತರ ಆ ರಾತ್ರಿಯಿಂದಲೇ ಬಂದಿದೆ. ಹಳೆಯ ಸಭಾಭವನದ ಚಾವಣಿಯೊಳಗೆ ಎಷ್ಟು ಕಂಬಿ ಇದೆಯೆಂಬ ನಕ್ಷೆ ನಮ್ಮಲ್ಲಿಲ್ಲ. ಜನರು ಹತ್ತಿಳಿಯುವ ತಾರಸಿಗೆ ಸಂಹಿತೆ ಎಣಿಸುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಸಭೆ ಸೇರುವ ನೆಲಕ್ಕೆ ಅದರ ಮೂರು ಪಟ್ಟಿಗೂ ಹೆಚ್ಚು. ಹೊಸ ಗೋಡೆ ಮತ್ತು ಹೊಸ ಚಾವಣಿಯ ಭಾರ ಅದರ ಮೇಲೆ ಬೇರೆ. ಒಳಗಿನ ಬಲ ತಿಳಿಯದ ಚಾವಣಿಯ ಮೇಲೆ ನಮ್ಮ ಮಕ್ಕಳನ್ನು ಕೂರಿಸಲು ನಾವು ಒಪ್ಪಲಾರೆವು. ಹೊಸ ಚಾವಣಿಗೂ ಇದೇ ಎಚ್ಚರ ಸಲ್ಲುತ್ತದೆ: 5,000 ಲೀಟರಿನ ನೀರಿನ ತೊಟ್ಟಿಯೆಂದರೆ ಒಂದೇ ಕಡೆ 5 ಟನ್ನು. ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಅಂಥದನ್ನು ಇಡಬಾರದು. ವಿದ್ಯುತ್ ಕೊಳವೆಗಾಗಿ ಏಣನ್ನು ಕೊರೆಯಬಾರದು.

ಗುರುಗಳು ವರ್ಗವಾಗಿ ಹೋಗುತ್ತಾರೆ, ಸಮಿತಿಗಳು ಬದಲಾಗುತ್ತವೆ, ಚಾವಣಿ ಮಾತ್ರ ಉಳಿಯುತ್ತದೆ. ಆದಕಾರಣ ಹೊಸ ಸಭಾಭವನದ ನಕ್ಷೆಗಳನ್ನೂ ಕಂಬಿಯ ಪಟ್ಟಿಯನ್ನೂ ಭಾರದ ಲೆಕ್ಕದ ಹಾಳೆಗಳನ್ನೂ ಜ್ಞಾನಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳಿರುವ ಬೀರುವಿನಲ್ಲಿಯೇ ಭದ್ರವಾಗಿ ಇಡಲು ನಾವು ನಿರ್ಧರಿಸಿದ್ದೇವೆ. ನೂರು ವರ್ಷಗಳ ನಂತರ ಈ ಪೇಟೆಯ ಧರ್ಮಕೇಂದ್ರದಲ್ಲಿ ಯಾರಾದರೂ ಮೂರನೆಯ ಪ್ರಶ್ನೆಯನ್ನು ಮತ್ತೆ ಕೇಳಿದರೆ ಅವರಿಗೆ ಉತ್ತರ ಬೀರುವಿನಲ್ಲಿ ಸಿಗಬೇಕು.

ಗಲಾತ್ಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಸಂತ ಪೌಲರು ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದೂ, ಕೆಲವೇ ವಾಕ್ಯಗಳ ನಂತರ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಬೋಧಿಸುತ್ತಾರೆ. ಗುರುಮಠದಲ್ಲಿ ಓದುತ್ತಿದ್ದಾಗ ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ನಮಗೆ ತೋರುತ್ತಿತ್ತು. ಚೌಕುಳಿ ಚಾವಣಿಯ ಲೆಕ್ಕವನ್ನು ನೋಡಿದ ಮೇಲೆ ಹಾಗೆ ತೋರುವುದಿಲ್ಲ. ಅಲ್ಲಿ ಪ್ರತಿ ಏಣಿಗೂ ತನ್ನ ಪಾಲು ಗೊತ್ತು. ಆದರೆ ಆ ಪಾಲು ನಿರ್ಣಯವಾಗುವುದು ತನ್ನನ್ನು ಹಾಯ್ದು ಹೋಗುವ ಇನ್ನೊಂದು ಏಣಿನೊಡನೆ ಕೂಡಿ ಬಾಗಿದಾಗಲೇ. ಶತಮಾನೋತ್ಸವದ ಹೊರೆಯನ್ನು ಹೊತ್ತಿರುವ ನಮ್ಮ ಎಲ್ಲ ಕುಟುಂಬಗಳ ಮೇಲೆ, ಹೆಚ್ಚು ಹೊರಬಲ್ಲವರ ಮೇಲೂ ಕಡಿಮೆ ಹೊರಬಲ್ಲವರ ಮೇಲೂ, ಪ್ರಭುವಿನ ಕೃಪೆ ಸಮನಾಗಿ ಇಳಿದುಬರಲಿ ಎಂದು ಪ್ರಾರ್ಥಿಸುತ್ತೇವೆ.